ಪಾತ್ರದ ಕೈಗೆ ಕತ್ತಿ ಕೊಡುವ ಮೊದಲು ತಲೆಯ ಮೇಲೆ ಋಣ ಹೊರಿಸಿ

(ಫ್ಯಾಂಟಸಿ ಕಾದಂಬರಿ ಸರಣಿ ಬರೆಯಲು ಹೊರಟಿರುವ ಎಳೆಯ ಬರಹಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಗೊಲ್ಲಮ್ ಅನ್ನುವ ಪಾತ್ರದಿಂದ ಮಾತು ಶುರು ಮಾಡುತ್ತೇನೆ. ನಿಮ್ಮಲ್ಲಿ ಜಾಸ್ತಿ ಜನ ಅವನನ್ನು ಸಿನಿಮಾದಲ್ಲಿ ನೋಡಿರುತ್ತೀರಿ. ಬಡಕಲು ಮೈ, ದೊಡ್ಡ ಕಣ್ಣು, ಉಂಗುರಕ್ಕಾಗಿ ಹಪಹಪಿಸುವ ಜೀವ. ಆದರೆ 1937ರಲ್ಲಿ ಟೋಲ್ಕಿನ್ ಅವರ 'ದಿ ಹಾಬಿಟ್' ಮೊದಲ ಸಲ ಅಚ್ಚಾದಾಗ ಗೊಲ್ಲಮ್ ಹೀಗಿರಲಿಲ್ಲ. ಗುಹೆಯ ಕತ್ತಲೆಯಲ್ಲಿ ಕಥಾನಾಯಕ ಬಿಲ್ಬೊ ಜೊತೆ ಒಗಟಿನ ಪಂದ್ಯ ಕಟ್ಟುತ್ತಾನೆ. ಸೋತರೆ ನಿನಗೊಂದು ಉಡುಗೊರೆ ಕೊಡುತ್ತೇನೆ ಎನ್ನುತ್ತಾನೆ. ಆ ಉಡುಗೊರೆ ಅದೇ ಉಂಗುರ! ಸೋಲುತ್ತಾನೆ. ಹುಡುಕಿದರೆ ಉಂಗುರ ಸಿಗುವುದಿಲ್ಲ. ಆಗ ಪಾಪ, ಮತ್ತೆ ಮತ್ತೆ ಕ್ಷಮೆ ಕೇಳುತ್ತಾನೆ. ಕೊನೆಗೆ ಉಡುಗೊರೆಯ ಬದಲು ಬಿಲ್ಬೊಗೆ ಹೊರಗೆ ಹೋಗುವ ದಾರಿ ತೋರಿಸಿಕೊಡುತ್ತಾನೆ.

ಆಮೇಲೆ ಟೋಲ್ಕಿನ್ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆಯಲು ಕೂತರು. ಬರೆಯುತ್ತಾ ಹೋದಂತೆ ಆ ಉಂಗುರ ಭಾರವಾಗುತ್ತಾ ಹೋಯಿತು. ಅದನ್ನು ಹಾಕಿಕೊಂಡವರು ಮನಸಾರೆ ಬಿಟ್ಟುಕೊಡುವುದೇ ಕಷ್ಟ ಅನ್ನುವ ಹಾಗಾಯಿತು. ಈಗ ಹಳೆಯ ಅಧ್ಯಾಯ ಅಡ್ಡ ನಿಂತಿತು. ಇಂಥ ಉಂಗುರವನ್ನು ಗೊಲ್ಲಮ್ ಉಡುಗೊರೆಯಾಗಿ ಕೊಡಲು ಹೇಗೆ ಸಾಧ್ಯ? ಅವರು ಆ ಅಧ್ಯಾಯವನ್ನು ತಿದ್ದಿ ಬರೆದು 1947ರಲ್ಲಿ ಪ್ರಕಾಶಕರಿಗೆ ಕಳಿಸಿದರು. 1951ರ ಆವೃತ್ತಿಯಲ್ಲಿ ಅದೇ ಅಚ್ಚಾಯಿತು. ನಾವು ಇವತ್ತು ಓದುವುದು ಆ ಗೊಲ್ಲಮ್‌ನನ್ನು. ಉಂಗುರ ಕಳೆದುಕೊಂಡು, ಕಳ್ಳ ಕಳ್ಳ ಎಂದು ಕತ್ತಲಲ್ಲಿ ಕಿರುಚುವ ಗೊಲ್ಲಮ್.

ಹಳೆಯ ಪುಸ್ತಕ ಆಗಲೇ ಓದುಗರ ಮನೆಯಲ್ಲಿತ್ತಲ್ಲ, ಅದಕ್ಕೇನು ಮಾಡುವುದು? ಟೋಲ್ಕಿನ್ ಅದನ್ನು ಅಳಿಸಲು ಹೋಗಲಿಲ್ಲ. ಹಳೆಯ ಪುಸ್ತಕದಲ್ಲಿದ್ದದ್ದು ಬಿಲ್ಬೊ ತನ್ನ ಗೆಳೆಯರಿಗೆ ಹೇಳಿದ ಸುಳ್ಳು ಎಂದರು. ಬಿಲ್ಬೊ ಸಭ್ಯ ಮನುಷ್ಯ. ಊಟ, ಚಹಾ, ತನ್ನ ಮನೆ, ಇಷ್ಟರಲ್ಲೇ ಸುಖವಾಗಿದ್ದವನು. ಅಂಥವನು ಸುಳ್ಳು ಹೇಳಿದ್ದು ಏಕೆ? ಉಂಗುರ ನನಗೆ ನ್ಯಾಯವಾಗಿ ಬಂದದ್ದು, ಗೆದ್ದು ತಂದದ್ದು ಎಂದು ತೋರಿಸಿಕೊಳ್ಳಲು. ಈ ಸಣ್ಣ ಸುಳ್ಳಿನಿಂದಲೇ ಮಾಂತ್ರಿಕ ಗ್ಯಾಂಡಾಲ್ಫ್‌ಗೆ ಅನುಮಾನ ಹುಟ್ಟುತ್ತದೆ. ಬರಹಗಾರನ ಕಷ್ಟವೊಂದು ಪಾತ್ರದ ಕಳಂಕವಾಗಿ ಬದಲಾಯಿತು ನೋಡಿ. ನನಗೆ ಇದು ಎಷ್ಟು ಸಲ ನೆನೆದರೂ ಬೆರಗು.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ನಾವು ಫ್ಯಾಂಟಸಿ ಬರೆಯಲು ಕೂತಾಗ ಮೊದಲು ನಕ್ಷೆ ಬರೆಯುತ್ತೇವೆ. ಐದು ರಾಜ್ಯ, ನಾಲ್ಕು ಕುಲ, ಮಂತ್ರದ ಲೆಕ್ಕ, ಕತ್ತಿಯ ಹೆಸರು. ಅದೆಲ್ಲ ಖುಷಿಯ ಕೆಲಸ, ಬೇಡ ಅನ್ನುವುದಿಲ್ಲ. ನಾನೂ ಹಾಗೇ ಶುರು ಮಾಡಿದವನು. ಮುನ್ನೂರು ಪುಟ ಬರೆದ ಮೇಲೂ ನನ್ನ ನಾಯಕ ನಡೆಯುತ್ತಲೇ ಇದ್ದ, ಹೊಡೆಯುತ್ತಲೇ ಇದ್ದ, ಗೆಲ್ಲುತ್ತಲೇ ಇದ್ದ. ಅವನು ಏನನ್ನೂ ಆರಿಸಿಕೊಳ್ಳಬೇಕಾದ ಒಂದು ಕ್ಷಣವೂ ಬರಲಿಲ್ಲ.

ಏನು ತಪ್ಪಾಗಿದೆ ಎಂದು ನನಗೆ ತಿಳಿದದ್ದು ಒಂದು ತಾಳಮದ್ದಳೆಯಲ್ಲಿ. ನಮ್ಮ ಕಡೆ ಮಳೆಗಾಲದಲ್ಲಿ ಯಕ್ಷಗಾನದ ಆಟ ನಿಲ್ಲುತ್ತದೆ, ತಾಳಮದ್ದಳೆ ಶುರುವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಅದಕ್ಕೆ ಮಾತು ಕಟ್ಟುತ್ತಾರೆ. ಅವತ್ತು ಕೃಷ್ಣ ಕರ್ಣನನ್ನು ಕರೆದು ಅವನ ಹುಟ್ಟಿನ ಗುಟ್ಟು ಹೇಳುವ ಭಾಗ. ಕುಮಾರವ್ಯಾಸನನ್ನು ಓದಿದವರಿಗೆ ಆ ಜಾಗ ಗೊತ್ತು. ಸಂಧಾನ ಮುರಿದಿದೆ. ಕೃಷ್ಣ ಕರ್ಣನನ್ನು ಒಬ್ಬನೇ ಸಿಕ್ಕ ಹಾಗೆ ಮಾಡಿಕೊಂಡು, ನೀನು ಕುಂತಿಯ ಹಿರಿಮಗ, ಪಾಂಡವರು ನಿನ್ನ ತಮ್ಮಂದಿರು, ರಾಜ್ಯ ನಿನ್ನದು ಎನ್ನುತ್ತಾನೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಕೊಡುತ್ತೇನೆ ಎಂದದ್ದರಲ್ಲಿ ಒಂದೂ ಕೆಟ್ಟದ್ದಲ್ಲ. ತಾಯಿ, ತಮ್ಮಂದಿರು, ಹುಟ್ಟಿನ ಗೌರವ. ಜೀವನವಿಡೀ ಕರ್ಣ ಹಂಬಲಿಸಿದ್ದು ಅದನ್ನೇ.

ಇನ್ನೊಂದು ಕಡೆ ದುರ್ಯೋಧನ. ತುಂಬಿದ ಸಭೆ ಕುಲ ಯಾವುದು ಎಂದು ಕೇಳಿದ ದಿನ ಕೈಹಿಡಿದವನು. ಅವನ ಉಪ್ಪು ಕರ್ಣನ ಮೈಯಲ್ಲಿದೆ.

ಅರ್ಥಧಾರಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಕೃಷ್ಣನಿಗೆ ಉತ್ತರ ಕೊಡದೆ ತಮ್ಮ ಕೈಯನ್ನೇ ನೋಡಿಕೊಂಡು, ಈ ಕೈ ಉಂಡ ಅನ್ನ ಯಾರದು ಎಂದು ಮಾತು ಶುರು ಮಾಡಿದರು. ಹೊರಗೆ ಮಳೆ ಹೊಯ್ಯುತ್ತಿತ್ತು. ಚಪ್ಪರದೊಳಗೆ ಯಾರೂ ಅಲುಗಾಡಲಿಲ್ಲ. ಕರ್ಣ ಏನು ಮಾಡುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಉಸಿರು ಬಿಗಿಹಿಡಿದು ಕೂತಿದ್ದೆವು.

ಮನೆಗೆ ಬಂದು ನನ್ನ ಮುನ್ನೂರು ಪುಟ ತೆಗೆದು ನೋಡಿದೆ. ನನ್ನ ನಾಯಕ ಯಾರ ಅನ್ನವನ್ನೂ ಉಂಡಿರಲಿಲ್ಲ. ಅವನು ಅನಾಥ, ಅವನಿಗೊಂದು ಭವಿಷ್ಯವಾಣಿ, ಅವನ ಕೈಯಲ್ಲೊಂದು ಕತ್ತಿ. ಯಾರಿಗೂ ಏನೂ ಕೊಡಬೇಕಾಗಿಲ್ಲ. ಹಾಗಿದ್ದ ಮೇಲೆ ಅವನಿಗೆ ಸಂಕಟ ಎಲ್ಲಿಂದ ಬರಬೇಕು?

ಅವತ್ತಿನಿಂದ ನಾನು ಪಾತ್ರ ಕಟ್ಟುವುದು ಹೀಗೆ. ಮೊದಲು ಕೇಳುವುದು, ಇವಳು ಯಾರಿಗೆ ಋಣಿ? ಅನ್ನದ ಋಣವೋ, ಪ್ರಾಣದ ಋಣವೋ, ಕೊಟ್ಟ ಮಾತೋ, ಸತ್ತವರಿಗೆ ಉಳಿಸಿಕೊಂಡ ಬಾಕಿಯೋ. ಒಂದೇ ಋಣ ಇದ್ದರೆ ಸಾಲದು. ಎರಡು ಬೇಕು. ಎರಡೂ ನಿಜವಾದ ಋಣವಾಗಿರಬೇಕು, ಮತ್ತು ಒಂದನ್ನು ತೀರಿಸಲು ಹೋದರೆ ಇನ್ನೊಂದು ಮುರಿಯಬೇಕು. ಒಳ್ಳೆಯದು ಕೆಟ್ಟದ್ದರ ನಡುವೆ ಆರಿಸುವುದು ಧೈರ್ಯದ ಕೆಲಸ ಇರಬಹುದು. ಆದರೆ ಓದುಗರಿಗೆ ನಿದ್ದೆ ಕೆಡುವುದು ಎರಡು ಒಳ್ಳೆಯದರ ನಡುವೆ ಪಾತ್ರ ಸಿಕ್ಕಿಬಿದ್ದಾಗ.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಸರಣಿಯನ್ನೇ ನೋಡಿ. ಮೊದಲ ಪುಸ್ತಕ 'ಎ ಗೇಮ್ ಆಫ್ ಥ್ರೋನ್ಸ್' ಬಂದದ್ದು 1996ರಲ್ಲಿ. ಅದರ ನೆಡ್ ಸ್ಟಾರ್ಕ್ ಸತ್ತದ್ದು ಓದಿ ಆಘಾತ ಆಯಿತು ಎಂದು ತುಂಬ ಜನ ಹೇಳುತ್ತಾರೆ. ನಾಯಕ ಸತ್ತದ್ದಷ್ಟೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ರಾಣಿಯ ಮಕ್ಕಳು ರಾಜನಿಗೆ ಹುಟ್ಟಿದವರಲ್ಲ ಎಂದು ನೆಡ್‌ಗೆ ಗೊತ್ತಾಗುತ್ತದೆ. ರಾಜನಿಗೆ ಹೇಳಿದರೆ ಆ ಮಕ್ಕಳು ಉಳಿಯುವುದಿಲ್ಲ. ಹಿಂದಿನ ರಾಜಮನೆತನದ ಎಳೆಗೂಸುಗಳನ್ನು ಕೊಂದದ್ದು ಅವನಿಗೆ ನೆನಪಿದೆ. ಹಾಗಾಗಿ ಅವನು ಮೊದಲು ರಾಣಿಯ ಬಳಿಯೇ ಹೋಗುತ್ತಾನೆ, ಮಕ್ಕಳನ್ನು ಕರೆದುಕೊಂಡು ಓಡಿಹೋಗು ಎನ್ನುತ್ತಾನೆ. ರಾಣಿಗೆ ಬೇಕಾಗಿದ್ದದ್ದು ಆ ಸಮಯ ಮಾತ್ರ. ನೆಡ್ ಸೆರೆಯಾಗುತ್ತಾನೆ. ಮಗಳ ಜೀವ ಉಳಿಸಲು, ಮಾಡದ ದ್ರೋಹವನ್ನು ಮಾಡಿದೆ ಎಂದು ಊರ ಮುಂದೆ ಒಪ್ಪಿಕೊಳ್ಳುತ್ತಾನೆ. ಜೀವನವಿಡೀ ಕಾಪಾಡಿಕೊಂಡು ಬಂದ ಮರ್ಯಾದೆಯನ್ನು ಮಗಳಿಗಾಗಿ ಬಿಡುತ್ತಾನೆ. ಆದರೂ ತಲೆ ಹೋಗುತ್ತದೆ. ಅವನ ದಯೆ ದಡ್ಡತನ ಅಂತ ನಾವು ಹೇಳಿಬಿಡಬಹುದು. ಆದರೆ ಆ ಮಕ್ಕಳನ್ನು ಸಾಯಲು ಬಿಡಬೇಕಿತ್ತು ಎಂದು ಹೇಳಲು ನಾಲಿಗೆ ಏಳುತ್ತದಾ?

ಅದೇ ಸರಣಿಯ ಜೇಮಿ ಲ್ಯಾನಿಸ್ಟರ್ ಇನ್ನೂ ಗಟ್ಟಿ ಉದಾಹರಣೆ. ಮೊದಲ ಪುಸ್ತಕದಲ್ಲೇ ಅವನು ಏಳು ವರ್ಷದ ಹುಡುಗನನ್ನು ಕಿಟಕಿಯಿಂದ ತಳ್ಳುತ್ತಾನೆ. ತಾನು ಕಾಯಬೇಕಾಗಿದ್ದ ರಾಜನನ್ನೇ ಕೊಂದವನು ಎಂಬ ಕೆಟ್ಟ ಹೆಸರೂ ಇದೆ. ಮೂರನೆಯ ಪುಸ್ತಕ ಬಂದದ್ದು 2000ದಲ್ಲಿ. ನಾಲ್ಕು ವರ್ಷ ಓದುಗರು ಅವನ ಮೇಲೆ ಸಿಟ್ಟು ಇಟ್ಟುಕೊಂಡೇ ಇದ್ದರು. ಅಲ್ಲಿ ಮೊದಲ ಸಲ ಕಥೆ ಜೇಮಿಯ ಕಣ್ಣಿನಿಂದ ನಡೆಯುತ್ತದೆ. ಕೈ ಕಡಿಸಿಕೊಂಡು, ಜ್ವರದಲ್ಲಿ, ಸ್ನಾನದ ಮನೆಯಲ್ಲಿ, ಜೊತೆಗಿದ್ದ ಯೋಧೆ ಬ್ರಿಯೆನ್‌ಗೆ ಅವನು ನಿಜ ಹೇಳುತ್ತಾನೆ. ಆ ರಾಜ ಇಡೀ ನಗರವನ್ನು ಸುಡಲು ಹೊರಟಿದ್ದ. ನಿನ್ನ ಅಪ್ಪನ ತಲೆ ತಾ ಎಂದಿದ್ದ. ಜೇಮಿಗೆ ಆಗ ಹದಿನೇಳು ವರ್ಷ. ರಾಜನನ್ನು ಕಾಯುವ ಆಣೆ ಒಂದು ಕಡೆ, ಹೆತ್ತ ತಂದೆ ಮತ್ತು ನಗರದ ಜನ ಇನ್ನೊಂದು ಕಡೆ. ಅವನು ರಾಜನನ್ನು ಕೊಂದ. ಏಕೆ ಕೊಂದೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಇದರಲ್ಲಿ ನಾನು ಕಲಿತದ್ದು ಏನೆಂದರೆ, ಮಾರ್ಟಿನ್ ಹಳೆಯ ಲೆಕ್ಕ ಅಳಿಸುವುದಿಲ್ಲ. ಹುಡುಗ ಮತ್ತೆ ನಡೆಯುವುದಿಲ್ಲ. ನಗರ ಉಳಿಸಿದ್ದು ನಿಜ, ಮಗುವನ್ನು ತಳ್ಳಿದ್ದೂ ನಿಜ. ಎರಡನ್ನೂ ಓದುಗರು ಒಟ್ಟಿಗೆ ಹೊರಬೇಕು. ನಮ್ಮ ಅನೇಕ ಹಸ್ತಪ್ರತಿಗಳಲ್ಲಿ ನಾನು ನೋಡುವ ದೋಷ ಇದೇ. ಖಳನಿಗೆ ಬಾಲ್ಯದ ಒಂದು ಕಣ್ಣೀರಿನ ಕಥೆ ಕೊಟ್ಟು, ಅಲ್ಲಿಗೆ ಎಲ್ಲ ಮಾಫಿ ಮಾಡಿಬಿಡುತ್ತೇವೆ. ಹಾಗೆ ಮಾಡಬೇಡಿ. ಅವನಿಂದ ನೊಂದವರು ಆ ಕಥೆಯಲ್ಲಿ ಇನ್ನೂ ಬದುಕಿದ್ದಾರೆ.

ಕನ್ನಡದಲ್ಲಿ ಬರೆಯುವ ನಮಗೆ ಇದು ಹೊಸದೂ ಅಲ್ಲ. ಹತ್ತನೆಯ ಶತಮಾನದ ರನ್ನ 'ಗದಾಯುದ್ಧ' ಬರೆದದ್ದು ತನ್ನ ಆಶ್ರಯದಾತನನ್ನು ಭೀಮನಿಗೆ ಹೋಲಿಸಿ ಹೊಗಳಲು. ಆ ಕಾವ್ಯಕ್ಕೆ 'ಸಾಹಸಭೀಮವಿಜಯ' ಅಂತಲೂ ಹೆಸರಿದೆ. ಆದರೆ ಓದಿ ಮುಗಿಸಿದಾಗ ನಮ್ಮ ಮನಸ್ಸಿನಲ್ಲಿ ಉಳಿಯುವುದು ದುರ್ಯೋಧನ. ಸೋತ ಮೇಲೆ ಅವನು ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಮುಂದೆ ನಿಲ್ಲುತ್ತಾನೆ. ಅಭಿಮನ್ಯುವಿನ ಮುಂದೆಯೂ ನಿಲ್ಲುತ್ತಾನೆ. ಶತ್ರುವಿನ ಮಗ, ತನ್ನವರೇ ಸೇರಿ ಕೊಂದ ಹುಡುಗ. ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ ಎಂದು ಬೇಡಿಕೊಳ್ಳುತ್ತಾನೆ. ರನ್ನ ಅವನ ತಪ್ಪು ಮುಚ್ಚಿಡುವುದಿಲ್ಲ. ದ್ರೌಪದಿಯ ಸಿಟ್ಟಿನ ಮಾತಿನಿಂದಲೇ ಭೀಮ ಹೊರಡುವುದು. ಆದರೂ ಬೀಳುವ ಮೊದಲು ಆ ಮನುಷ್ಯ ಒಂದನ್ನಾದರೂ ಸರಿಯಾಗಿ ಕಾಣುವಂತೆ ಮಾಡುತ್ತಾನೆ.

'ಪಂಪ ರಾಮಾಯಣ' ಬರೆದ ಜೈನ ಕವಿ ನಾಗಚಂದ್ರನ ರಾವಣನೂ ಹಾಗೇ. ಸೀತೆಯ ಸಂಕಟ ಕಂಡು ಅವನ ಮನಸ್ಸು ತಿರುಗುತ್ತದೆ. ಅವಳನ್ನು ಹಿಂದಿರುಗಿಸಬೇಕು ಎಂದು ತೀರ್ಮಾನವನ್ನೂ ಮಾಡುತ್ತಾನೆ. ಆದರೆ ಈಗಲೇ ಕೊಟ್ಟರೆ ಹೆದರಿದ ಅಂತಾರೆ, ಯುದ್ಧದಲ್ಲಿ ಗೆದ್ದು ಆಮೇಲೆ ಕೊಡುತ್ತೇನೆ ಎಂದುಕೊಳ್ಳುತ್ತಾನೆ. ತೀರ್ಮಾನ ಸರಿ, ಹೊತ್ತು ತಪ್ಪು. ಒಂದು ಇಡೀ ಖಳನನ್ನು ಈ ಒಂದು ಗೆರೆಯ ಮೇಲೆ ಕಟ್ಟಬಹುದು.

ಹಾಗಾದರೆ ಎದುರಾಳಿಯನ್ನು ಬರೆಯುವುದು ಹೇಗೆ? ಅರ್ಥಧಾರಿಯ ಹಾಗೆ ಕೂತು ಬರೆಯಿರಿ. ತಾಳಮದ್ದಳೆಯಲ್ಲಿ ಇವತ್ತು ರಾಮನ ಅರ್ಥ ಹೇಳಿದವರು ನಾಳೆ ವಾಲಿಯ ಅರ್ಥ ಹೇಳಬೇಕಾಗುತ್ತದೆ. ವಾಲಿ ಬಾಣ ತಿಂದು ಬಿದ್ದಿದ್ದಾನೆ. ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಾನು ನಿನಗೇನು ಮಾಡಿದ್ದೆ ಎಂದು ಕೇಳುತ್ತಾನೆ. ಒಳ್ಳೆಯ ವಾಲಿ ಸಿಕ್ಕಿದರೆ ರಾಮನಿಗೆ ಬೆವರು. ವಾಲಿ ಸಾಯುತ್ತಾನೆ ಎನ್ನುವುದು ಪ್ರಸಂಗದಲ್ಲಿ ಮೊದಲೇ ಬರೆದಿದೆ. ಆದರೆ ಮಾತಿನಲ್ಲಿ ಯಾರು ಗೆಲ್ಲುತ್ತಾರೆ ಎನ್ನುವುದು ಎಲ್ಲೂ ಬರೆದಿಲ್ಲ. ನಿಮ್ಮ ಖಳನಿಗೂ ಆ ಅವಕಾಶ ಇರಬೇಕು. ಅವನ ಪರವಾಗಿ ಹತ್ತು ಪುಟ ಬರೆಯಿರಿ, ಕಾದಂಬರಿಗೆ ಸೇರಿಸಬೇಕಾಗಿಲ್ಲ. ಬರೆದು ಯಾರಿಗಾದರೂ ಗಟ್ಟಿಯಾಗಿ ಓದಿ. ನಾನು ಅಕ್ಕನಿಗೆ ಓದಿದ್ದೆ. ಅಡಿಕೆ ಸುಲಿಯುತ್ತಾ ಕೇಳಿದಳು. ಮುಗಿದ ಮೇಲೆ, "ಅವ ಹೇಳೋದೂ ಸರಿಯೇ ಅನ್ನಿಸ್ತದಲ್ಲೋ ತಮ್ಮಾ" ಎಂದಳು. ಆ ದಿನ ನನ್ನ ಕಾದಂಬರಿಗೆ ಜೀವ ಬಂತು.

ಒಂದು ಎಚ್ಚರಿಕೆ. ಎಲ್ಲರೂ ಕೆಟ್ಟವರೇ, ಎಲ್ಲರಿಗೂ ಸ್ವಾರ್ಥವೇ ಅಂತ ಬರೆದರೆ ಅದು ನೈತಿಕ ಸಂಘರ್ಷ ಆಗುವುದಿಲ್ಲ. ಯಾರಿಗೂ ಯಾವುದರಲ್ಲೂ ನಂಬಿಕೆ ಇಲ್ಲದಿದ್ದರೆ ಮುರಿಯುವುದು ಏನು? ನಿಜಕ್ಕೂ ಒಳ್ಳೆಯವರನ್ನು ಬರೆಯಲು ಹೆದರಬೇಡಿ. ಟೋಲ್ಕಿನ್ ಅವರ ಸ್ಯಾಮ್ ಅಂಥ ಪಾತ್ರ. ತೋಟದ ಕೆಲಸದವನು. ಉಂಗುರವನ್ನು ನಾಶಮಾಡಲು ಹೊರಟ ತನ್ನ ಯಜಮಾನ ಫ್ರೋಡೊನನ್ನು ಬಿಟ್ಟು ಅವನಿಗೆ ಬೇರೆ ಲೋಕ ಇಲ್ಲ. ಇಡೀ ಕಥೆಯಲ್ಲಿ ನನಗೆ ತುಂಬ ನೋವು ಕೊಡುವ ಜಾಗ ಇರುವುದು ಅವನ ಕೈಯಲ್ಲೇ.

ಫ್ರೋಡೊ, ಸ್ಯಾಮ್, ದಾರಿ ತೋರಿಸುವ ಗೊಲ್ಲಮ್, ಮೂವರೂ ಶತ್ರುವಿನ ನಾಡಿನ ಅಂಚಿನ ಕಡಿದಾದ ಮೆಟ್ಟಿಲು ಹತ್ತಿದ್ದಾರೆ. ಫ್ರೋಡೊ ಸ್ಯಾಮ್‌ನ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಾನೆ, ಸ್ಯಾಮ್‌ಗೂ ನಿದ್ದೆ ಹತ್ತಿದೆ. ಇಬ್ಬರನ್ನೂ ಸಾವಿನ ಬಾಯಿಗೆ ಒಪ್ಪಿಸಲು ಹೊಂಚು ಹಾಕಿ ಗೊಲ್ಲಮ್ ಬರುತ್ತಾನೆ. ಮಲಗಿದವರನ್ನು ನೋಡಿ ನಿಲ್ಲುತ್ತಾನೆ. ಅವನ ಮುಖ ಬದಲಾಗುತ್ತದೆ. ಒಂದು ಗಳಿಗೆ ಅವನು ತನ್ನ ಕಾಲ ಮುಗಿದುಹೋದ, ಬಂಧುಬಳಗ ಕಳೆದುಕೊಂಡ, ದಣಿದ ಮುದುಕನ ಹಾಗೆ ಕಾಣುತ್ತಾನೆ. ಕೈ ಚಾಚಿ ಫ್ರೋಡೊನ ಮೊಣಕಾಲನ್ನು ಮೆಲ್ಲಗೆ ಮುಟ್ಟುತ್ತಾನೆ. ಅಷ್ಟರಲ್ಲಿ ಸ್ಯಾಮ್‌ಗೆ ಎಚ್ಚರವಾಗುತ್ತದೆ. ಏನು ಮಸಲತ್ತು ಮಾಡುತ್ತಿದ್ದೀಯ ಎಂದು ಗದರುತ್ತಾನೆ. ಆ ಗಳಿಗೆ ಹೋಯಿತು. ಮತ್ತೆ ಬರಲೇ ಇಲ್ಲ.

ಸ್ಯಾಮ್ ಮಾಡಿದ್ದರಲ್ಲಿ ತಪ್ಪೇನಿದೆ? ಯಜಮಾನನ ಮೇಲಿನ ಪ್ರೀತಿಯಿಂದಲೇ ಗದರಿದ. ಗೊಲ್ಲಮ್‌ನನ್ನು ನಂಬದಿರಲು ಅವನಿಗೆ ನೂರು ಕಾರಣ ಇದ್ದವು. ಆದರೂ ಒಂದು ಜೀವ ತಿದ್ದಿಕೊಳ್ಳಲು ಕೂದಲೆಳೆಯಷ್ಟು ದೂರದಲ್ಲಿದ್ದಾಗ, ಒಳ್ಳೆಯವನ ಒಂದು ಒರಟು ಮಾತು ಅದನ್ನು ಹಿಂದಕ್ಕೆ ತಳ್ಳಿತು. ಟೋಲ್ಕಿನ್ ತಮ್ಮ ಮಗ ಕ್ರಿಸ್ಟೋಫರ್‌ಗೆ ಬರೆದ ಪತ್ರದಲ್ಲಿ, ತಮ್ಮ ಮನಸ್ಸನ್ನೇ ಕಲಕಿದ ಜಾಗಗಳಲ್ಲಿ ಇದನ್ನೂ ಸೇರಿಸಿದ್ದರು.

ಇನ್ನು ಕೊನೆಯ ಬೆಟ್ಟ. ಉಂಗುರವನ್ನು ಬೆಂಕಿಗೆ ಹಾಕಬೇಕಾದ ಫ್ರೋಡೊ ಅಲ್ಲಿ ನಿಂತು, ಹಾಕುವುದಿಲ್ಲ, ಇದು ನನ್ನದು ಎನ್ನುತ್ತಾನೆ. ನಾಯಕ ಸೋಲುತ್ತಾನೆ. ಗೊಲ್ಲಮ್ ಅವನ ಬೆರಳು ಕಚ್ಚಿ ಉಂಗುರ ಕಿತ್ತುಕೊಂಡು, ಕಾಲು ಜಾರಿ ಬೆಂಕಿಗೆ ಬೀಳುತ್ತಾನೆ. ಲೋಕ ಉಳಿಯುತ್ತದೆ. ಫ್ರೋಡೊ ಸೋತದ್ದರ ಬಗ್ಗೆ ಓದುಗರು ಟೋಲ್ಕಿನ್‌ಗೆ ಕಾಗದ ಬರೆದು ಕೇಳಿದ್ದುಂಟು. ಆ ಭಾರ ಯಾರಿಂದಲೂ ತಡೆಯಲಾಗುವಂಥದ್ದಲ್ಲ, ಅದನ್ನು ನೈತಿಕ ಸೋಲು ಎನ್ನಬಾರದು ಎಂದು ಅವರು ಅವನ ಪರ ನಿಂತು ಉತ್ತರ ಬರೆದರು. ಲೋಕ ಉಳಿದದ್ದು ಗೊಲ್ಲಮ್ ಇನ್ನೂ ಬದುಕಿದ್ದರಿಂದ. ಅವನು ಬದುಕಿದ್ದು ಫ್ರೋಡೊ ಅವನನ್ನು ಕೊಲ್ಲದೆ ಬಿಟ್ಟದ್ದರಿಂದ. ಕೊನೆಗೆ ಬೆಟ್ಟದ ಮೇಲೆ ಕತ್ತಿ ಎತ್ತಿದ ಸ್ಯಾಮ್ ಕೂಡ ಕೊಲ್ಲಲಾರದೆ ಬಿಟ್ಟ. ಎಲ್ಲಕ್ಕೂ ಮೊದಲು, ಎಷ್ಟೋ ವರ್ಷಗಳ ಹಿಂದೆ, ಗುಹೆಯ ಕತ್ತಲಲ್ಲಿ ಬಿಲ್ಬೊ ಕನಿಕರಪಟ್ಟು ಅವನನ್ನು ಇರಿಯದೆ ಮೇಲಿಂದ ಹಾರಿಹೋಗಿದ್ದ.

ಈಗ ಶುರುವಿನಲ್ಲಿ ಹೇಳಿದ್ದನ್ನು ನೆನಪು ಮಾಡಿಕೊಳ್ಳಿ. ಬಿಲ್ಬೊ ಕನಿಕರದ ಆ ಗಳಿಗೆ 1937ರ ಪುಸ್ತಕದಲ್ಲಿ ಇರಲೇ ಇಲ್ಲ. ಕ್ಷಮೆ ಕೇಳಿ ದಾರಿ ತೋರಿಸುವ ಗೊಲ್ಲಮ್‌ನನ್ನು ಕೊಲ್ಲುವ ಪ್ರಶ್ನೆಯೇ ಎಲ್ಲಿ ಬಂತು? ಅದು ಬಂದದ್ದು 1951ರ ತಿದ್ದುಪಡಿಯಲ್ಲಿ. ಇಡೀ ಮಹಾಕಥೆ ಯಾವ ಕೀಲಿನ ಮೇಲೆ ತಿರುಗುತ್ತದೋ ಆ ಕೀಲನ್ನು ಟೋಲ್ಕಿನ್ ಹಿಂದೆ ಹೋಗಿ ಕೂರಿಸಿದರು. ಹಾಗಾಗಿ ಮೊದಲ ಭಾಗ ಬರೆಯುವಾಗ ಎಲ್ಲ ಗೊತ್ತಿರಬೇಕು ಎಂದು ಒದ್ದಾಡಬೇಡಿ. ಅಚ್ಚಾಗುವವರೆಗೂ ಹಿಂದೆ ಹೋಗುವ ದಾರಿ ತೆರೆದೇ ಇರುತ್ತದೆ.

ಅಚ್ಚಾದ ಮೇಲೂ ಇನ್ನೊಂದು ದಾರಿ ಇದೆ. ಉರ್ಸುಲಾ ಲೆ ಗ್ವಿನ್ ಅವರ 'ಅರ್ಥ್‌ಸೀ' ಸರಣಿಯ ಮೊದಲ ಮೂರು ಪುಸ್ತಕ 1968 ಮತ್ತು 1972ರ ನಡುವೆ ಬಂದವು. ಆ ಲೋಕದಲ್ಲಿ ದೊಡ್ಡ ಮಂತ್ರವಾದಿಗಳೆಲ್ಲ ಗಂಡಸರು. ಹೆಂಗಸರ ಮಂತ್ರ ಅಂದರೆ ಕೀಳು ಎಂದು ಆ ನಾಡಿನ ಗಾದೆಯೇ ಹೇಳುತ್ತದೆ. ಹದಿನೆಂಟು ವರ್ಷ ಕಳೆದು 1990ರಲ್ಲಿ ನಾಲ್ಕನೆಯ ಪುಸ್ತಕ 'ತೆಹಾನು' ಬಂತು. ಅದರಲ್ಲಿ ಮಹಾಮಾಂತ್ರಿಕ ಗೆಡ್ ಶಕ್ತಿಯೆಲ್ಲ ಕಳೆದುಕೊಂಡು ಬಂದಿದ್ದಾನೆ. ಕಥೆ ನಡೆಯುವುದು ಟೆನಾರ್ ಎಂಬ ನಡುವಯಸ್ಸಿನ ಹೆಂಗಸಿನ ಸುತ್ತ. ಅವಳು ಸಾಕುತ್ತಿರುವುದು ಬೆಂಕಿಯಲ್ಲಿ ಸುಟ್ಟ ಮೈಯ ಒಂದು ಮಗುವನ್ನು. ತಾನೇ ಕಟ್ಟಿದ ಲೋಕದ ನಿಯಮವನ್ನು ಲೇಖಕಿಯೇ ತಿರುಗಿ ನಿಂತು ಪ್ರಶ್ನಿಸಿದರು. ಅಷ್ಟು ಪ್ರಾಮಾಣಿಕತೆ ನನಗೂ ಬರಲಿ ಎಂದು ಆಸೆಪಡುತ್ತೇನೆ.

ನನ್ನ ಸರಣಿಯ ಬಗ್ಗೆ ಒಂದು ಮಾತು. ಅದರಲ್ಲಿ ನೀಲವ್ವ ಎಂಬ ದೋಣಿ ನಡೆಸುವವಳು ಇದ್ದಾಳೆ. ಅವಳ ಹೊಳೆಗೆ ಸುಂಕ ಅಂದರೆ ನೆನಪು. ದಾಟಿದವರು ಒಂದೊಂದು ನೆನಪು ಕೊಡಬೇಕು. ಅವಳ ಜೀವ ಉಳಿಸಿದ ದಂಡನಾಯಕ ಸೈನ್ಯದ ಜೊತೆ ಬಂದು ದಾಟಿಸು ಎನ್ನುತ್ತಾನೆ. ಆಚೆ ದಡದಲ್ಲಿ ಇರುವುದು ಬರಗಾಲದಲ್ಲಿ ಅವಳಿಗೆ ಅನ್ನ ಹಾಕಿದ ಊರು. ಮೊದಲು ಬರೆದಾಗ ನಾನು ಒಂದು ಮಾಯದ ಮಂಜು ತರಿಸಿ ಸೈನ್ಯಕ್ಕೆ ದಾರಿ ತಪ್ಪಿಸಿಬಿಟ್ಟಿದ್ದೆ. ನೀಲವ್ವ ಏನನ್ನೂ ಆರಿಸಬೇಕಾಗಲಿಲ್ಲ. ಆಮೇಲೆ ಆ ಮಂಜನ್ನು ಹೊಡೆದುಹಾಕಿದೆ. ಮಂತ್ರದಿಂದ ಹೊಳೆ ದಾಟಬಹುದು, ಬೆಟ್ಟ ಸೀಳಬಹುದು. ಋಣ ಮಾತ್ರ ತೀರಬಾರದು. ಆಗುವುದಾದರೆ ಮಂತ್ರ ಋಣವನ್ನು ಇನ್ನಷ್ಟು ಹೆಚ್ಚಿಸಬೇಕು. ಈಗ ನೀಲವ್ವ ಸೈನ್ಯವನ್ನು ದಾಟಿಸುತ್ತಾಳೆ. ಸುಂಕವಾಗಿ, ಇವಳ ಜೀವ ಉಳಿಸಿದ ನೆನಪನ್ನೇ ದಂಡನಾಯಕನಿಂದ ಕೇಳುತ್ತಾಳೆ. ಅವನು ಕೊಡುತ್ತಾನೆ. ಅವಳು ಯಾರೆಂದು ಇನ್ನು ಅವನಿಗೆ ಗೊತ್ತಿಲ್ಲ. ಅವಳಿಗೆ ಎಲ್ಲವೂ ನೆನಪಿದೆ. ಮುಂದಿನ ಭಾಗ ಪೂರ್ತಿ ಅಲ್ಲಿಂದ ಹುಟ್ಟಿತು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಂದನ್ನು ಇಲ್ಲಿ ಸೇರಿಸುತ್ತೇನೆ. ಹಿಂದಿನ ಸಾಲಿನ ಒಬ್ಬಳು ಹುಡುಗಿ ಎದ್ದು, "ಸರ್, ನನ್ನ ನಾಯಕಿ ಎರಡನೇ ಭಾಗದಲ್ಲಿ ಒಬ್ಬ ಕಾವಲುಗಾರನನ್ನು ಕೊಲ್ಲಲೇಬೇಕು. ಕಥೆಗೆ ಬೇರೆ ದಾರಿ ಇಲ್ಲ. ಆದರೆ ಓದುವಾಗ ಏನೂ ಅನ್ನಿಸ್ತಾ ಇಲ್ಲ. ಏನು ಮಾಡ್ಲಿ?" ಎಂದಳು.

ಆ ಕಾವಲುಗಾರನ ಹೆಸರೇನು ಎಂದು ಕೇಳಿದೆ. ಇಟ್ಟಿಲ್ಲ ಎಂದಳು.

"ಹೆಸರಿಡಮ್ಮಾ. ಆಮೇಲೆ ಮೊದಲನೇ ಭಾಗಕ್ಕೆ ವಾಪಸ್ ಹೋಗು. ನಾಯಕಿ ಹಸಿದು ಬಂದ ಒಂದು ರಾತ್ರಿ, ಅವನ ಮನೆಯಲ್ಲಿ ಅವಳಿಗೆ ಊಟ ಹಾಕಿಸು."

"ಅವಳಿಗೆ ಅದು ಅವನ ಮನೆ ಅಂತ ಗೊತ್ತಿರಬೇಕಾ?"

ಆ ಪ್ರಶ್ನೆಗೆ ನಾನು ಉತ್ತರ ಹೇಳುವ ಮೊದಲೇ ಅವಳು ಕೂತು ಬರೆದುಕೊಳ್ಳಲು ಶುರು ಮಾಡಿದ್ದಳು.